ಗುಡ್ಡದ ಮ್ಯಾರಥಾನ್‌ಗೆ ಇಳಿಜಾರಿನ ಅಭ್ಯಾಸವೂ ಬೇಕು

ಟ್ರೇಲ್ ಮ್ಯಾರಥಾನ್‌ಗೆ, ಅಂದರೆ ಗುಡ್ಡಗಾಡಿನ ಕಚ್ಚಾ ದಾರಿಯ ಓಟಕ್ಕೆ, ತಯಾರಾಗುವ ಹಲವರು ಏರು ಹತ್ತುವುದನ್ನಷ್ಟೇ ಅಭ್ಯಾಸ ಮಾಡುತ್ತಾರೆ. ಆದರೆ ತೊಡೆ ಹಿಂಡುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಆ ನೋವು ಜೋರಾಗುವುದು ಒಂದೆರಡು ದಿನ ಬಿಟ್ಟು. ಹಾಗಾಗಿ ವಾರಕ್ಕೊಮ್ಮೆ ಇಳಿಜಾರಿನಲ್ಲಿ ಓಡಿ. ಹೆಜ್ಜೆ ಪುಟ್ಟದಿರಲಿ, ಕಣ್ಣು ನಾಲ್ಕೈದು ಹೆಜ್ಜೆ ಮುಂದಿರಲಿ. ಕೊನೆಯ ಎರಡು ವಾರ ಮಾತ್ರ ಇದು ಬೇಡ.

ಓಟದ ದಿನ ವಾಚಿನ ಪೇಸ್, ಅಂದರೆ ಒಂದು ಕಿ.ಮೀ.ಗೆ ಹಿಡಿಯುವ ಸಮಯ, ನೋಡಲೇಬೇಡಿ. ದೂರ ಅದೇ 42 ಕಿ.ಮೀ. ಆದರೂ ರಸ್ತೆ ಮ್ಯಾರಥಾನ್‌ನ ಸಮಯ ಇಲ್ಲಿ ಲೆಕ್ಕಕ್ಕಿಲ್ಲ. ಉಸಿರೇ ಅಳತೆ. ಏರಿನಲ್ಲಿ ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ ನಡೆಯಿರಿ, ತಿನ್ನುವುದು ಕುಡಿಯುವುದು ಆಗಲೇ ಮುಗಿಸಿ. ಮೊದಲ ಏರಿನಲ್ಲೇ ನಡೆಯಲು ಸಂಕೋಚವಾಗುತ್ತದೆ, ನನಗೂ ಆಗಿತ್ತು; ಆದರೆ 30 ಕಿ.ಮೀ. ದಾಟಿದ ಮೇಲೂ ಓಡಲು ಕಾಲಲ್ಲಿ ಕಸುವು ಉಳಿದಿತ್ತು.