ಸೈಲೆನ್ಸರ್ ಕೊಯ್ಸಬೇಡಿ, ಒಂದು ಪೈಪ್ ಕಳಚಿದರೆ ಸಾಕು

ಹೋದ ದೀಪಾವಳಿಗೆ ನನ್ನ ಬಾಮೈದ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಝಡ್4 ತಂದ. 35ಐ ಮಾಡೆಲ್, ಮೂರು ಲೀಟರಿನ ಟ್ವಿನ್ ಟರ್ಬೊ ಎಂಜಿನ್, 306 ಎಚ್‌ಪಿ. ತಿಂಗಳೊಳಗೆ ಫೋನ್ ಬಂತು: "ಭಾವ, ಗಾಡಿ ಸೂಪರ್, ಆದ್ರೆ ಸೌಂಡೇ ಇಲ್ಲ." ಮುಂದಿನ ವಾರ ಮತ್ತೆ ಫೋನ್. ಈ ಸಲ ದನಿ ಇಳಿದಿತ್ತು. "ವಿಡಿಯೊ ನೋಡಿ ಪೈಪ್ ಕಳಚಿದೆ ಭಾವ. ಸೌಂಡೂ ಬರ್ಲಿಲ್ಲ, ಇದ್ದ ದಮ್ಮೂ ಹೋಯ್ತು."

ಇದೇ ಎಡವಟ್ಟು ಮಾಡಿಕೊಂಡವರಲ್ಲಿ ಇವನು ಮೂರನೆಯವನು.

ಮೊದಲು ಒಳಗೇನಿದೆ ನೋಡೋಣ. ಹಿಂದಿನ ಎರಡು ಟೇಲ್‌ಪೈಪ್‌ಗಳಲ್ಲಿ ಒಂದರೊಳಗೆ ನಾಣ್ಯದಂಥ ತಟ್ಟೆಯಿದೆ. ಅದೇ ಫ್ಲಾಪ್, ಮುಚ್ಚಿದರೆ ಸೌಂಡ್ ತಗ್ಗಿಸುವ ಬಾಗಿಲು. ಪಕ್ಕದಲ್ಲೇ ಒಂದು ತಗಡಿನ ಡಬ್ಬಿ. ಡಬ್ಬಿಯಿಂದ ಹೊರಟ ಸಣ್ಣ ಕಡ್ಡಿ ಫ್ಲಾಪನ್ನು ತಿರುಗಿಸುತ್ತದೆ. ಎಂಜಿನ್ ಕಡೆಯ ವ್ಯಾಕ್ಯೂಮ್ ಪಂಪಿನಿಂದ (ಗಾಳಿ ಎಳೆಯುವ ಪಂಪ್) ಬರುವ ಸಪೂರ ರಬ್ಬರ್ ಪೈಪ್ ಡಬ್ಬಿಯಿಂದ ಗಾಳಿ ಎಳೆದಾಗ ಫ್ಲಾಪ್ ಮುಚ್ಚುತ್ತದೆ, ಎಳೆತ ನಿಂತರೆ ಸ್ಪ್ರಿಂಗ್ ಅದನ್ನು ತೆರೆಯುತ್ತದೆ. ಐಡಲ್‌ನಲ್ಲಿ, ನಿಧಾನ ಓಡಿಸುವಾಗ ಮುಚ್ಚಿರುತ್ತದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಕಂಪನಿಯವರೇ ತೆರೆಸುತ್ತಾರೆ. ನಾವು ಮಾಡುವುದಿಷ್ಟೇ: ಆ ಪೈಪ್ ಕಳಚಿ, ಫ್ಲಾಪ್ ಯಾವಾಗಲೂ ತೆರೆದೇ ಇರುವಂತೆ ನೋಡಿಕೊಳ್ಳುವುದು. ಜೋರಾಗಿ ಒತ್ತಿದಾಗ ಅದು ಹೇಗೂ ತೆರೆದಿರುತ್ತದೆ, ಹಾಗಾಗಿ ಈ ಕೆಲಸದಿಂದ ಪವರ್ ಜಾಸ್ತಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಗುವುದು ಕೆಳಗಿನ ಆರ್‌ಪಿಎಂನ ಗುಡುಗು ಮಾತ್ರ.

ಬೇಕಾದ ಸಾಮಾನು: ಟಾರ್ಚ್, ಕೈಗವಸು, ಕೆಂಪು ಟೇಪು, ಎರಡು ಜಿಪ್ ಟೈ, ಕಳಚಿದ ಪೈಪಿನ ಬಾಯಿ ಮುಚ್ಚಲು ಒಂದು ಪ್ಲಗ್.

ಪ್ಲಗ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ವಿದೇಶದಲ್ಲಿ ತುಂಬ ಜನ ಗಾಲ್ಫ್ ಟೀ, ಅಂದರೆ ಗಾಲ್ಫ್ ಚೆಂಡು ಕೂರಿಸುವ ಪುಟ್ಟ ಗೂಟ, ಬಳಸುತ್ತಾರೆ. ತುದಿ ಸಪೂರ, ಮೇಲೆ ದಪ್ಪ, ಹೇಳಿ ಮಾಡಿಸಿದಂತಿದೆ. ಪ್ಲಾಸ್ಟಿಕ್‌ನದ್ದೇ ತನ್ನಿ. ಮರದ್ದು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಒಣಗಿ ಸಡಿಲವಾಗುತ್ತದೆ. ಸ್ಕ್ರೂ ತುರುಕಬೇಡಿ. ಅದರ ಚೂಪು ಸುರುಳಿ ಗೆರೆ ರಬ್ಬರನ್ನು ಒಳಗಿನಿಂದ ಸೀಳುತ್ತದೆ, ಆ ಸಂದಿಯಲ್ಲೇ ಗಾಳಿ ನುಗ್ಗುತ್ತದೆ. ಸೂಪರ್ ಗ್ಲೂ ಹಾಕುವವರಿಗೆ ಕೈ ಮುಗಿಯುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುವ ಮೆತ್ತನೆ ಕ್ಯಾಪ್‌ಗಳೂ ಬೇಡ, ಬಿಸಿಗೆ ಬೇಗ ಬಿರುಕು ಬಿಡುತ್ತವೆ.

ಗಾಡಿ ನಿಲ್ಲಿಸಿ ಮೂರು ಗಂಟೆ ತಣಿಯಲು ಬಿಡಿ. ಹಿಂದೆ ಮಲಗಿದರೆ ಕೈ ಎಟುಕಬಹುದು. ಎಟುಕದಿದ್ದರೆ ಜ್ಯಾಕ್ ಸ್ಟ್ಯಾಂಡ್ ಇಡಿ, ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಟಾರ್ಚ್ ಹಿಡಿದು ಡಬ್ಬಿಯ ಮೂತಿಗೆ ಸಿಕ್ಕಿಸಿರುವ ಪೈಪ್ ಹುಡುಕಿ.

ಎಲ್ಲರೂ ಎಡವುವುದು ಇಲ್ಲೇ. ಎಂಜಿನ್ ಆಫ್ ಆಗಿರಲೇಬೇಕು. ಪೈಪನ್ನು ಇಕ್ಕಳದಲ್ಲಿ ಎಳೆಯಬೇಡಿ. ಹಳೇ ರಬ್ಬರ್, ಮೂತಿಗೆ ಅಂಟಿಕೊಂಡಿರುತ್ತದೆ. ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ. 'ಚಟ್' ಅಂತ ಸಣ್ಣಗೆ ಬಿಟ್ಟಿದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಎಳೆಯಿರಿ. ಈಗ ನಿಮ್ಮ ಮುಂದೆ ಎರಡು ತೂತುಗಳಿವೆ: ಒಂದು ಪೈಪಿನದು, ಇನ್ನೊಂದು ಡಬ್ಬಿಯದು. ಪ್ಲಗ್ ಹೋಗಬೇಕಾದ್ದು ಪೈಪಿಗೆ. ಡಬ್ಬಿಯ ಮೂತಿ ಉಸಿರಾಡಬೇಕು.

ನನ್ನ ಬಾಮೈದ ಮಾಡಿದ್ದು ಸರಿಯಾಗಿ ಉಲ್ಟಾ. ಎಂಜಿನ್ ಓಡುತ್ತಿರುವಾಗಲೇ, ಅಂದರೆ ಫ್ಲಾಪ್ ಮುಚ್ಚಿರುವಾಗಲೇ, ಪೈಪ್ ಕಿತ್ತು ಗಡಿಬಿಡಿಯಲ್ಲಿ ಡಬ್ಬಿಯ ಮೂತಿಗೆ ಕ್ಯಾಪ್ ಜಡಿದಿದ್ದ. ಗಾಳಿ ಪೂರ್ತಿ ಒಳಗೆ ನುಗ್ಗುವ ಮೊದಲೇ ಬಾಯಿ ಮುಚ್ಚಿದ್ದರಿಂದ ಉಳಿದ ಎಳೆತ ಅಲ್ಲೇ ಸಿಕ್ಕಿಕೊಂಡಿತು, ಫ್ಲಾಪ್ ಪೂರ್ತಿ ತೆರೆಯಲಿಲ್ಲ. ಇತ್ತ ಬಾಯಿ ತೆರೆದ ಪೈಪ್ ಹೊರಗಿನ ಗಾಳಿ ಹೀರತೊಡಗಿತು. ಈ ಎಂಜಿನ್‌ನಲ್ಲಿ ಟರ್ಬೊದ ವೇಸ್ಟ್‌ಗೇಟ್‌ಗಳನ್ನು (ಟರ್ಬೊಗೆ ಹೋಗುವ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲುಗಳು) ಮುಚ್ಚಿ ಹಿಡಿದಿಡುವುದೂ ಅದೇ ವ್ಯಾಕ್ಯೂಮ್ ಪಂಪ್. ಗಾಳಿ ಸೋರಿದರೆ ಬೂಸ್ಟ್, ಅಂದರೆ ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ, ಬೀಳುತ್ತದೆ; ಸ್ಕ್ಯಾನರಿನಲ್ಲಿ ಬೂಸ್ಟ್ ಸಾಲದು ಎನ್ನುವ 30ಎಫ್‌ಎಫ್ ಕೋಡ್ ಕಾಣುತ್ತದೆ. ಒಂದು ಗ್ಯಾರೇಜಿನವನು ಅದನ್ನು ನೋಡಿ "ಎರಡೂ ಟರ್ಬೊ ಹೋಗಿವೆ ಸಾರ್" ಅಂತ ಎಸ್ಟಿಮೇಟ್ ಕೊಟ್ಟೇಬಿಟ್ಟಿದ್ದ. ಗುಣಪಡಿಸಿದ್ದು ಒಂದು ಪ್ಲಾಸ್ಟಿಕ್ ಟೀ.

ಟೀಯನ್ನು ಅರ್ಧ ಇಂಚಾದರೂ ಒಳಗೆ ತಿರುಗಿಸಿ ಕೂರಿಸಿ, ಮೇಲೆ ಜಿಪ್ ಟೈ ಬಿಗಿಯಿರಿ. ಪೈಪಿಗೆ ಕೆಂಪು ಟೇಪು ಸುತ್ತಿ. ಬಿಸಿ ಸೈಲೆನ್ಸರಿಗೆ ತಾಗದಂತೆ ಇನ್ನೊಂದು ಟೈಯಲ್ಲಿ ಮೇಲಕ್ಕೆ ಕಟ್ಟಿ. ಡಬ್ಬಿಯ ಮೂತಿಗೆ ಕೆಸರು ನುಗ್ಗದಂತೆ ಒಂದು ಗೇಣು ರಬ್ಬರ್ ಪೈಪ್ ಸಿಕ್ಕಿಸಿ ಬಾಯಿ ಕೆಳಗೆ ಮಾಡಿ ಬಿಡಿ.

ಸ್ಟಾರ್ಟ್ ಮಾಡಿ. ವ್ಯತ್ಯಾಸ ಮೊದಲ ಸೆಕೆಂಡಿಗೇ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಫ್ಲಾಪ್ ತುಕ್ಕು ಹಿಡಿದಿದೆ ಅಂತ ಅರ್ಥ. ಮತ್ತೆ ತಣಿದ ಮೇಲೆ ಕಡ್ಡಿಯ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದು ರಾತ್ರಿ ಬಿಟ್ಟು ಕೈಯಲ್ಲಿ ಆಡಿಸಿ. ಸುತ್ತಿಗೆ ಬೇಡ.

ಸೈಲೆನ್ಸರ್ ಕೊಯ್ದು ಬರೀ ಪೈಪ್ ಬೆಸೆದುಕೊಡುವ ಅಂಗಡಿಗಳಿವೆ. ಅಲ್ಲಿಗೆ ಹೋಗಲೇಬೇಡಿ. ಕೊಯ್ದದ್ದು ಕೊಯ್ದಂತೆ. 2,000 ಆರ್‌ಪಿಎಂ ಹತ್ತಿರ ಹುಟ್ಟುವ 'ಬೂಂ' ಗುಂಯ್‌ಗುಡುವಿಕೆಯನ್ನು ಮೈಸೂರು ಮುಟ್ಟುವವರೆಗೂ ಕೇಳಿದರೆ ತಲೆನೋವು ಗ್ಯಾರಂಟಿ.

ಪೊಲೀಸರ ವಿಷಯವನ್ನೂ ಹೇಳಿಬಿಡುತ್ತೇನೆ. ಶಬ್ದದ ಮಿತಿ ಮೀರಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಲೈಸೆನ್ಸಿಗೂ ಮೂರು ತಿಂಗಳು ರಜೆ. ಅದಕ್ಕೇ ಇದು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನದ ಕೆಲಸ ಅಂತ ನಾನು ಹೇಳುವುದು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋದಾಗ ಅಲ್ಲೇ ಕಳಚಿ. ವಾಪಸ್ ಹೊರಡುವ ಮುಂಚೆ ಟೀ ತೆಗೆದು, ಕೆಂಪು ಟೇಪಿನ ಪೈಪನ್ನು ಡಬ್ಬಿಗೆ ಸಿಕ್ಕಿಸಿ. ಸೈಲೆನ್ಸರ್ ತಣಿದಿದ್ದರೆ ಐದು ನಿಮಿಷದ ಕೆಲಸ. ಟೀ ಗ್ಲೋವ್ ಬಾಕ್ಸಿನಲ್ಲಿರಲಿ. ಬಾಮೈದ ಅದನ್ನು ಕೀ ಚೈನಿಗೇ ಕಟ್ಟಿಕೊಂಡಿದ್ದಾನೆ.