ಡಿಗ್ರಿ ಓದ್ತಾನೇ ರಿಸರ್ಚ್: ಬಳಚು, ಉಪ್ಪುನೀರು, ಒಂದು ಗ್ರಾಫ್ (ನನ್ನ ಅನುಭವ)

ಕುಮಟಾ ಕಡೆ ಬಿಎಸ್ಸಿ ಹುಡುಗ್ರು ರಿಸರ್ಚ್ ಅಂತ ಬಾಯಿ ಬಿಟ್ರೆ ಎಲ್ಲರೂ ಹೇಳೋದು ಒಂದೇ, "ಮೊದ್ಲು ಎಂಎಸ್ಸಿ ಮಾಡು ಮಾರಾಯ, ಆಮೇಲೆ ನೋಡ್ವ". ಬಳಚು ಅಂದ್ರೆ ಹೊಳೆ ಮಣ್ಣಲ್ಲಿ ಸಿಗೋ ಚಿಪ್ಪುಜೀವಿ, ಅದ್ರ ಮೇಲೆ ಕ್ಲಾಸಲ್ಲಿ ನಂಗೆ ಬಳಚು ಡಾಕ್ಟರ್ ಅಂತ ಹೆಸರೂ ಇಟ್ಟಿದ್ರು. ಈಗ ಕಾರವಾರದಲ್ಲಿ ಒಬ್ರು ವಿಜ್ಞಾನಿ ಜೊತೆ ಬೇಸಿಗೆ ಎರಡು ತಿಂಗ್ಳು ಕೆಲ್ಸ ಮಾಡಿ ಬಂದೆ, ಹೆಸರಿಟ್ಟವರೇ ಫೋನ್ ಮಾಡಿ ಹೇಗೆ ಸಿಕ್ತು ಅಂತ ಕೇಳ್ತಿದ್ದಾರೆ, ಅದ್ಕೆ ಬರೀತಿದೀನಿ.

ಶುರುವಲ್ಲಿ ನಾನೂ ಮೇಲ್ ಕಳಿಸಿದವನೇ. ಬೆಂಗ್ಳೂರು, ಪುಣೆ, ಗೋವಾ ಅಂತ ನಲವತ್ತೋ ಐವತ್ತೋ ಪ್ರೊಫೆಸರ್‌ಗಳಿಗೆ, ನಂಗೆ ತುಂಬಾ ಆಸಕ್ತಿ ಇದೆ ಅವಕಾಶ ಕೊಡಿ ಅಂತ. ಮೂರ್ನಾಲ್ಕು ಜನ ಉತ್ತರ ಕೊಟ್ರು, ಎಲ್ಲಾ ಜಾಗ ಇಲ್ಲ ಅಂತಲೇ. ಫೆಲೋಶಿಪ್‌ಗೆ ಹಾಕಿದ್ದೂ ಸಿಗಲಿಲ್ಲ.

ಆಮೇಲೆ ತಲೆಗೆ ಬಂದಿದ್ದು, ಆಸಕ್ತಿ ಕಳಿಸಿದ್ರೆ ಯಾರೂ ನೋಡಲ್ಲ, ಡೇಟಾ ಕಳಿಸ್ಬೇಕು. ಮನೆ ಹಿಂದೇನೇ ಅಘನಾಶಿನಿ ಅಳಿವೆ, ಅಣೆಕಟ್ಟೇ ಇಲ್ಲದ ಹೊಳೆ, 2024ರಲ್ಲಿ ರಾಮ್ಸರ್ ಪಟ್ಟಿಗೂ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರ್ತು. ನಾನು ಹಿಡಿದ ಪ್ರಶ್ನೆ ಸಣ್ಣದು: ಹೊಳೆ ಬಾಯಿ ಹತ್ರದ ಬಳಚಿಗೂ ಒಳಗಡೆ ಗಜನಿ (ಉಪ್ಪುನೀರು ನುಗ್ಗೋ ತಗ್ಗು ಗದ್ದೆ) ಪಕ್ಕದ ಬಳಚಿಗೂ ಸೈಜ್ ಎಷ್ಟು ವ್ಯತ್ಯಾಸ, ಮಳೆಗಾಲ ಮುಗಿದ ಮೇಲೆ ಉಪ್ಪು ಏರ್ತಾ ಹೋದ ಹಾಗೆ ಅದು ಬದಲಾಗುತ್ತಾ. ಹಳೇ ಪೇಪರ್‌ಗಳು ಸಿಎಂಎಫ್‌ಆರ್‌ಐ (ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಇಪ್ರಿಂಟ್ಸ್ ವೆಬ್‌ಸೈಟಲ್ಲಿ ಫ್ರೀ ಸಿಗ್ತವೆ, ಓದೋಕೆ ಯಾವ ಲೈಬ್ರರಿ ಕಾರ್ಡೂ ಬೇಡ.

ದುಡ್ಡಿನ ವಿಷ್ಯ. ನೀರಿನ ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್ ಆನ್‌ಲೈನಲ್ಲಿ 1,200 ಚಿಲ್ಲರೆ ಕೊಟ್ಟು ತಗೊಂಡೆ. ಸೊನ್ನೆಗೆ ಕೂರಿಸೋಕೆ ಡಿಸ್ಟಿಲ್ಡ್ ವಾಟರ್ ಬೇಕಲ್ಲ, ಬ್ಯಾಟರಿ ಅಂಗಡಿ ನೀರೇ ಸಾಕು. ಡಿಜಿಟಲ್ ಕ್ಯಾಲಿಪರ್ 400ರ ಹತ್ರ ಕೊಟ್ಟಿದ್ದು ಎರಡೇ ತಿಂಗ್ಳಿಗೆ ಉಪ್ಪುನೀರಿಗೆ ತುಕ್ಕು ಹಿಡಿದು ಸತ್ತೋಯ್ತು, ಆಮೇಲೆ 80 ರೂಪಾಯಿ ಪ್ಲಾಸ್ಟಿಕ್ ವರ್ನಿಯರ್ ತಂದೆ, ಇವತ್ತಿಗೂ ಅದೇ. ಪೆಟ್ರೋಲ್ ಎಲ್ಲಾ ಸೇರಿ ಐದಾರು ಸಾವಿರ ಆಗಿರ್ಬಹುದು, ಅದನ್ನ ಶಿರಸಿ ಮಾವನ ಮನೇಲಿ ಅಡಿಕೆ ಸುಲಿದು ದುಡಿದೆ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಅಟೆಂಡೆನ್ಸ್. ಬಳಚು ಸಿಗೋದು ಸಮುದ್ರದ ನೀರು ಇಳಿದಾಗ, ಆ ಇಳಿತ ದಿನಾ 50 ನಿಮಿಷದಷ್ಟು ಮುಂದಕ್ಕೆ ಹೋಗ್ತಾ ಇರುತ್ತೆ, ವಾರಕ್ಕೊಂದ್ಸಲ ಹೋಗ್ತೀನಿ ಅಂತ ಹೊರಟ್ರೆ ಒಂದು ವಾರ ಸರಿ, ಇನ್ನೊಂದು ವಾರ ಅದೇ ಹೊತ್ತಿಗೆ ಎದೆಮಟ್ಟ ನೀರು, ಇಳಿತ ನೋಡ್ಕೊಂಡು ಹೋದ್ರೆ ಪ್ರಾಕ್ಟಿಕಲ್ ತಪ್ಪುತ್ತೆ. ಕೊನೆಗೆ ಅಮಾಸೆ ಹುಣ್ಣಿಮೆಗೆ ಮಾತ್ರ ಹೋಗೋದು ಅಂತ ಮಾಡ್ಕೊಂಡೆ. ದೊಡ್ಡ ಇಳಿತ, ಅದೂ ಪ್ರತಿ ಸಲ ಹೆಚ್ಚುಕಡಿಮೆ ಅದೇ ಹೊತ್ತಿಗೆ. 75 ಪರ್ಸೆಂಟ್ ಹೇಗೋ ಉಳೀತು.

ಇನ್ನೊಂದು. ಬಳಚು ಆಯೋ ಹೆಂಗಸ್ರ ಬುಟ್ಟಿಯಿಂದಲೇ ಅಳೆದ್ರೆ ಸುಲಭ, ಆದ್ರೆ ಅವ್ರು ದೊಡ್ಡದನ್ನೇ ಆಯ್ಕೊಳ್ಳೋದು, ಸಣ್ಣದು ಲೆಕ್ಕಕ್ಕೇ ಬರಲ್ಲ. ಅದ್ಕೆ ಪಿವಿಸಿ ಪೈಪಲ್ಲಿ ಅರ್ಧ ಮೀಟರ್ ಚೌಕ ಮಾಡಿ, ಒಳಗಿನ ಮಣ್ಣೆಲ್ಲಾ ಜರಡಿ ಹಿಡಿದು, ಅಳೆದು ಅಲ್ಲೇ ವಾಪಸ್ ಬಿಡ್ತಿದ್ದೆ. ಹೊಳೆಯ ಯಾವ ದಂಡೆ ಮೇಲೆ ಅಂತ ಮಾತ್ರ ಕೇಳ್ಬೇಡಿ, ಆ ಜಾಗ ತೋರಿಸಿದ್ದು ಅವ್ರೇ, ನಾನು ಯಾರಿಗೂ ಹೇಳಲ್ಲ ಅಂದಿದೀನಿ.

ಮಧ್ಯೆ ಒಂದು ಹುಚ್ಚು ಹತ್ತಿತ್ತು, ವರ್ನಿಯರ್ ಎಂತಕ್ಕೆ, ಪಕ್ಕದಲ್ಲಿ ಅಳತೆಗೆ ಅಂತ ನಾಣ್ಯ ಇಟ್ಟು ಮೊಬೈಲಲ್ಲಿ ಫೋಟೋ ಹೊಡೆದು ಇಮೇಜ್‌ಜೆ ಸಾಫ್ಟ್‌ವೇರಲ್ಲಿ ಅಳೆಯೋದು. ಕೆಲಸ ಆಗುತ್ತೆ, ಆದ್ರೆ ಹಳೇ ಸ್ಟೀಲ್ ಒಂದು ರೂಪಾಯಿ 25 ಮಿಲಿಮೀಟರ್, 2011ರ ನಂತರದ್ದು ಸುಮಾರು 22. ಎರಡೂ ಕಲಸಿ ಹೋದ್ರೆ ನಿಮ್ಮ ಬಳಚು ರಾತ್ರೋರಾತ್ರಿ ದಪ್ಪ ಆಗುತ್ತೆ. ಮೋಡ ಇದ್ದ ದಿನ ಅಂಚೂ ಸರಿ ಕಾಣಲ್ಲ, ಬಿಟ್ಟಾಕಿದೆ.

ಆಗಸ್ಟಿಂದ ಏಪ್ರಿಲ್ ತನಕ ಬಿಡದೆ ಮಾಡಿದ್ದು. ಉಪ್ಪು ಮಳೆಗಾಲದಲ್ಲಿ ಸಾವಿರಕ್ಕೆ ಎರಡ್ಮೂರು ಇದ್ದದ್ದು ಏಪ್ರಿಲಲ್ಲಿ ಮೂವತ್ತು ದಾಟಿತ್ತು. ಒಂದು ಗ್ರಾಫ್, ನಾಲ್ಕು ಸಾಲು, ಕೊನೇಲಿ ಒಂದು ಪ್ರಶ್ನೆ, ಇಷ್ಟೇ ಮೇಲ್. ಸಬ್ಜೆಕ್ಟ್ ಲೈನಲ್ಲಿ ಏನ್ ಬರೆದೆ ಅನ್ನೋದು ನನ್ನ ಹತ್ರನೇ ಇರ್ಲಿ. ಈ ಸಲ ದೂರ ಕಳಿಸ್ಲಿಲ್ಲ, ಸಿಎಂಎಫ್‌ಆರ್‌ಐ ಕೇಂದ್ರ, ಕೋಡಿಬಾಗದ ಮರೈನ್ ಬಯಾಲಜಿ ವಿಭಾಗ ಎರಡೂ ಕಾರವಾರದಲ್ಲೇ ಇರೋವಾಗ ಪುಣೆ ಎಂತಕ್ಕೆ? ಮಾರನೇ ದಿನವೇ ಒಬ್ರಿಂದ ಉತ್ತರ, ಮೊದ್ಲ ಸಾಲೇ "ಸ್ಯಾಂಪಲ್ ಬುಟ್ಟಿಯಿಂದಾ?" ಪೈಪ್ ಚೌಕದ ಫೋಟೋ ಕಳಿಸಿದೆ, ಸೋಮವಾರ ಬಾ ಅಂದ್ರು.

ಅಲ್ಲಿ ಸ್ಟೈಪೆಂಡ್ ಇಲ್ಲ, ಕುಮಟಾದಿಂದ ದಿನಾ ಟ್ರೇನು. ಮಾಂಸ ಒಣಗಿಸಿ ತೂಕ ಮಾಡೋದೇ ಕೆಲ್ಸ, ಬಟ್ಟೆಯೆಲ್ಲಾ ವಾಸನೆ, ಟ್ರೇನಲ್ಲಿ ಪಕ್ಕದ ಸೀಟು ಯಾವಾಗ್ಲೂ ಖಾಲಿ.

ಹೊನ್ನಾವರ ಕಡೆಯವ್ರು ಯಾರಾದ್ರೂ ಇದ್ರೆ ಶರಾವತಿ ಅಳಿವೇಲಿ ಇದನ್ನೇ ಮಾಡಿ ನೋಡಿ. ಅಲ್ಲಿ ಕರೆಂಟ್ ತೆಗೆದು ಬಿಟ್ಟ ಸಿಹಿನೀರು ಬೇಸಿಗೇಲೂ ಬರ್ತಾ ಇರೋದ್ರಿಂದ ಉಪ್ಪಿನ ಲೆಕ್ಕವೇ ಬೇರೆ, ಎರಡನ್ನೂ ಪಕ್ಕಪಕ್ಕ ಇಟ್ರೆ ಒಳ್ಳೇ ಕೆಲ್ಸ ಆಗುತ್ತೆ. ರಿಫ್ರಾಕ್ಟೋಮೀಟರ್ ನಾನು ಕೊಡ್ತೀನಿ, ವರ್ನಿಯರ್ ನೀವೇ ತಗೊಳ್ಳಿ, ಪ್ಲಾಸ್ಟಿಕ್‌ದು.