ಮೇ ತಿಂಗಳ ಮಳೆ ನಂಬಿ ಹೆಸರು ಬಿತ್ತಿದ ನನ್ನ ಅನುಭವ

ನಮ್ಮ ಗದಗ ಸೀಮೆಯಲ್ಲಿ ಮೇ ಅಂದರೆ ಹೊಲ ಹರಗಿ, ಕಸ ಆರಿಸಿ, ಮೋಡದ ದಾರಿ ಕಾಯುವ ತಿಂಗಳು. 2025ರಲ್ಲಿ ಕಾಯುವ ಪ್ರಮೇಯವೇ ಬರಲಿಲ್ಲ. ಕೃತ್ತಿಕಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ಎರಡು ಸಲ ಹರಗಿದ ಹೊಲದಲ್ಲಿ ಮತ್ತೆ ಕಸ ಎದ್ದಿತು. ಮೇ 24ಕ್ಕೆ ಮುಂಗಾರು ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದಿದ್ದು ಅದೇ ಮೊದಲು. 1901ರಿಂದ ಈಚೆಗೆ ರಾಜ್ಯದಲ್ಲಿ ಇಷ್ಟು ಮಳೆಯ ಮೇ ತಿಂಗಳು ಇನ್ನೊಂದಿಲ್ಲ ಅಂತ ಆಮೇಲೆ ಓದಿದೆ.

ನನ್ನದು ನಾಲ್ಕು ಎಕರೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಹೆಸರು 65-70 ದಿನದ ಬೆಳೆ, ಬೇಗ ಬಿತ್ತಿದರೆ ಬೇಗ ಕೈಗೆ ಬರುತ್ತದೆ, ಅಲ್ವಾ? ಮುಂಗಾರು ಬಂತು ಅಂತ ಟಿವಿಯಲ್ಲಿ ಕೇಳಿದ್ದೇ ತಡ, ರಸ್ತೆ ಪಕ್ಕದ ಒಂದು ಎಕರೆಗೆ ಬೀಜ ಬಿತ್ತುವ ಕೂರಿಗೆ ಹೂಡಿಬಿಟ್ಟೆ. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು, "ತಮ್ಮಾ, ಇನ್ನಾ ಹದ ಬಂದಿಲ್ಲ, ಅವಸರ ಮಾಡಬ್ಯಾಡ" ಅಂದರು. ನಾನು ಕೇಳಲಿಲ್ಲ. ಕೂರಿಗೆಯ ಬೀಜ ಇಳಿಯುವ ತಾಳುಗಳಿಗೆ ಮಣ್ಣು ಮೆತ್ತಿಕೊಂಡು ಬೀಜ ಒಂದು ಕಡೆ ಗುಂಪಾಗಿ ಬಿತ್ತು, ಇನ್ನೊಂದು ಕಡೆ ಬೀಳಲೇ ಇಲ್ಲ. ಮರುದಿನ ರಾತ್ರಿ ಜೋರು ಮಳೆ. ಅದರ ಹಿಂದೆಯೇ ಬಿಸಿಲು. ಮೇಲ್ಮಣ್ಣು ಖಡಕ್ ರೊಟ್ಟಿಯ ಹಾಗೆ ಗಟ್ಟಿಯಾಗಿ ಕೂತಿತು. ಒಂದು ಹೆಂಟೆ ಎತ್ತಿ ನೋಡಿದೆ. ಮೊಳಕೆ ಮೇಲೆ ಬರಲಾಗದೆ ಕೊಕ್ಕೆಯಂತೆ ಮಡಚಿಕೊಂಡು ಹಳದಿಯಾಗಿತ್ತು. ಕರುಳು ಚುರ್ ಅಂದಿತು.

ಉಳಿದ ಮೂರು ಎಕರೆಗೆ ದಾರಿ ಬದಲಿಸಿದೆ.

ಮೊದಲು ಮಳೆ ಅಳೆಯೋಕೆ ಶುರು ಮಾಡಿದೆ. ಒಂದೇ ದಪ್ಪ ಇರುವ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಿರುಗಿಸಿ ಬಾಯಿಗೆ ಇಟ್ಟೆ. ತಳ ಸಮ ಇರಲ್ಲ, ಅದಕ್ಕೇ ಸಣ್ಣ ಹರಳು ತುಂಬಿ, ಅವು ಮುಳುಗುವಷ್ಟು ನೀರು ಹಾಕಿ, ಅಲ್ಲಿಗೆ ಸೊನ್ನೆ ಗೆರೆ ಎಳೆದೆ. ಅದರ ಮೇಲಕ್ಕೆ ಶಾಲೆಯ ಮಕ್ಕಳ ಸ್ಕೇಲು ಅಂಟಿಸಿದೆ. ದಿನಾ ಬೆಳಿಗ್ಗೆ 8.30ಕ್ಕೆ ನೋಡಿ ಬರೆದಿಟ್ಟೆ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಒಂದು ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಈ ಲೆಕ್ಕ ಗೊತ್ತಾದ ಮೇಲೆ ಎರಿ ಮಣ್ಣು ಯಾಕೆ ಬೇಗ ಆರಲ್ಲ ಅಂತ ಅರ್ಥವಾಯಿತು.

ಆಮೇಲೆ ಮುನ್ಸೂಚನೆ ಓದುವುದನ್ನು ಕಲಿತೆ. ಆ ವರ್ಷ ಮುಂಗಾರು ವಾಡಿಕೆಯ 106% ಆಗುತ್ತದೆ ಅಂತ ಹವಾಮಾನ ಇಲಾಖೆಯವರು ಅಂದಿದ್ದರು. ಅದು ಇಡೀ ದೇಶದ, ನಾಲ್ಕು ತಿಂಗಳ ಲೆಕ್ಕ. ಅಲ್ಲಿ ವಾಡಿಕೆ ಅಂದರೆ 87 ಸೆಂ.ಮೀ. ನಮ್ಮ ಗದಗಿಗೆ ವರ್ಷವಿಡೀ ಸೇರಿದರೂ 60 ಸೆಂ.ಮೀ. ಆಸುಪಾಸು. ಬಿತ್ತನೆಯ ದಿನ ಗೊತ್ತು ಮಾಡೋಕೆ ಆ ಅಂಕಿಯಿಂದ ಏನೂ ಆಗಲ್ಲ. ನನಗೆ ಬೇಕಾಗಿದ್ದು ಮುಂದಿನ ಐದು ದಿನದ ಮಾತು. ಅದು ಮೇಘದೂತ್ ಆ್ಯಪ್‌ನಲ್ಲಿ ಜಿಲ್ಲಾವಾರು ಸಿಗುತ್ತದೆ. ಮಂಗಳವಾರ, ಶುಕ್ರವಾರ ಹೊಸ ಸಲಹೆ ಬರುತ್ತದೆ. 'ಒಂದೆರಡು ಕಡೆ ಮಳೆ' ಅಂದರೆ ನಮ್ಮ ಹೊಲಕ್ಕೆ ಬಾರದೆಯೂ ಇರಬಹುದು. 'ಭಾರಿ ಮಳೆ' ಅಂದರೆ ಮಾತ್ರ ದಿನಕ್ಕೆ 64.5 ಮಿ.ಮೀ. ಮೇಲೆ, ಅದನ್ನು ಹಗುರವಾಗಿ ತಗೋಬಾರದು. ಸಿಡಿಲಿನ ಮುನ್ನೆಚ್ಚರಿಕೆಗೆ ದಾಮಿನಿ ಆ್ಯಪ್ ಬೇರೆ ಇದೆ. ಆಳುಗಳನ್ನು ಹೊಲಕ್ಕೆ ಕರೆದೊಯ್ಯುವವರು ಅದನ್ನು ದಯವಿಟ್ಟು ಇಟ್ಟುಕೊಳ್ಳಿ.

ಮೇ ಕೊನೆಗೆ ಮುಂಗಾರು ಮುಂದೆ ಸಾಗದೆ ನಿಂತಿತು. ಊರಲ್ಲಿ ಕೆಲವರಿಗೆ ಚಿಂತೆ, ನನಗೆ ಅದೇ ಬೇಕಿತ್ತು. ದಿನಾ ಸಂಜೆ ನಾಲ್ಕು ಬೆರಳು ಆಳದ ಮಣ್ಣು ತೆಗೆದು ಉಂಡೆ ಕಟ್ಟಿ, ಎದೆ ಎತ್ತರದಿಂದ ಬಿಟ್ಟು ನೋಡುತ್ತಿದ್ದೆ. ಮೂರು ದಿನ ಉಂಡೆ ಚಪ್ಪಟೆಯಾಗಿ ನೆಲಕ್ಕೆ ಅಂಟಿತು. ನಾಲ್ಕನೇ ದಿನ ಬಿದ್ದ ಕೂಡಲೇ ಪುಡಿಯಾಯಿತು. ಕಾಕಾ ಹೇಳಿದ ಹದ ಅದೇ. ಬೀಜಕ್ಕೆ ರೈಜೋಬಿಯಂ ಎಂಬ ಜೀವಾಣು ಗೊಬ್ಬರ ಹಚ್ಚಿ ನೆರಳಲ್ಲಿ ಆರಿಸಿ, ಜೂನ್ ಮೊದಲ ವಾರ, ರೋಹಿಣಿ ಮಳೆಯಲ್ಲೇ ಬಿತ್ತಿದೆ. ಸಾಲು ಹಿಡಿದು ಎದ್ದವು.

ಜೂನ್ ಎರಡನೇ ವಾರ ಭಾರಿ ಮಳೆಯ ಸೂಚನೆ ಬಂತು. ಹಿಂದಿನ ದಿನವೇ ತಗ್ಗಿನ ಕಡೆ ಬದು ಕಡಿದು, ನೀರು ಕೃಷಿ ಹೊಂಡಕ್ಕೆ ಹರಿಯುವ ಹಾಗೆ ಮಾಡಿದೆ. ಎಳೆ ಸಸಿ ನೀರಲ್ಲಿ ನಿಲ್ಲಲಿಲ್ಲ.

ಕೆಟ್ಟುಹೋಗಿದ್ದ ಒಂದು ಎಕರೆಯನ್ನು ಹರಗಿ, ಜೂನ್ 20ರ ಹೊತ್ತಿಗೆ ಮತ್ತೆ ಬಿತ್ತಿದೆ. ಬೀಜದ ದುಡ್ಡು ಎರಡು ಸಲ. ಮೂರು ಎಕರೆಯ ಕಾಯಿ ಆಗಸ್ಟ್ ಎರಡನೇ ವಾರ ಬಿಡಿಸಿ, ಒಣಗಿಸಿ, ಚೀಲ ಕಟ್ಟಿ ಮನೆ ಸೇರಿಸಿದೆ. ಆಮೇಲೆ ಜಿಟಿಜಿಟಿ ಮಳೆ ಹಿಡಿಯಿತು. ಮರು ಬಿತ್ತಿದ ಎಕರೆಯಲ್ಲಿ ಕಾಯಿ ಕಪ್ಪಾಗಿ ನಿಂತಿದ್ದವು. ಒಂದನ್ನು ಸುಲಿದೆ. ಒಳಗಿನ ಕಾಳು ಅಲ್ಲೇ ಮೊಳಕೆ ಒಡೆದಿತ್ತು.